ಎಡಗಾಲಿ ಸವಣೂರಿನದು

“ಎಡಗಾಲಿಗೂ ನೀವ ಬಣ್ಣ ಹಚ್ಚಿ ಕೊಡ್ರಲ್ಲ ಶೇಖವ್ವಕ್ಕ. ಹಿಂಗ ಕಳಿಸಿದ್ರ ಅರ್ಧ ಕ್ಷೌರ ಮಾಡಿ ಎಬ್ಬಿಸಿ ಕಳಿಸಿದಂಗ ಆಗ್ತೈತಿ. ಬಂಕಾಪುರದಾಗ ಮಂದಿ ನಿಂತು ನಗ್ತಾರ.”

ಹತ್ತಿಮತ್ತೂರಿನ ಚನ್ನೇಶ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಈ ಅರ್ಜಿ ಹಾಕುತ್ತಿದ್ದಾರೆ. ನಿನ್ನೆ ಸಂಜೆ ಕಾರು ತಂದು ನಿಲ್ಲಿಸಿದಾಗಿನಿಂದ ಇದೇ ಮಾತು. ಶೇಖವ್ವ ತಲೆ ಎತ್ತುವುದಿಲ್ಲ. ಕೈಯಲ್ಲಿರುವ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬಣ್ಣ ತಳ ಬಿಟ್ಟಿದೆಯೋ ಇಲ್ಲವೋ ಕೇಳಿಸಿಕೊಳ್ಳುತ್ತಿದ್ದಾರೆ.

“ಎಡಕ್ಕ ನಿಂತವರು ನಗ್ತಾರ, ಬಲಕ್ಕ ನಿಂತವರು ಹೊಟ್ಟಿಕಿಚ್ಚು ಪಡ್ತಾರ. ಸರಿಗೆ ಸರಿ ಆತಲ್ಲ, ತಗೋರಿ.”

ಅಕ್ಕಿಆಲೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿ ಇದು. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಂಗಳದಲ್ಲಿ ಬಿಳಿ ಕಾರೊಂದು ಮೂತಿ ಎತ್ತಿಕೊಂಡು ನಿಂತಿದೆ. ಮುಂದಿನ ಎರಡೂ ಗಾಲಿ ಬಿಚ್ಚಿ ತುಳಸಿಕಟ್ಟೆಗೆ ಒರಗಿಸಿದ್ದಾರೆ. ಹಳೆಯ ಎಣ್ಣೆಗಾಣದಿಂದ ಕೊಯ್ದ ಎರಡು ಹುಣಸೆ ಕೊರಡುಗಳು ಕಾರಿನ ಭಾರ ಹೊತ್ತಿವೆ. ಗಾಲಿ ಇದ್ದ ಜಾಗದಲ್ಲಿ ಒಂದು ಉಕ್ಕಿನ ತಟ್ಟೆ, ಆ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿದ ಮುಷ್ಟಿಗಾತ್ರದ ಒಂದು ಕಬ್ಬಿಣ. ಬ್ರೇಕ್ ಒತ್ತಿದಾಗ ಕಾರನ್ನು ನಿಲ್ಲಿಸುವುದು ಅದೇ. ಪೇಟೆಯವರು ಅದಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಶೇಖವ್ವನ ಬಾಯಲ್ಲಿ ಅದು ಬರೀ ‘ಹಿಡಿ’.

“ಹೆಂಚಿನ ಮ್ಯಾಲಿನ ರೊಟ್ಟಿ ಎರಡು ಬಟ್ಟಿಲೆ ಹಿಡಿತೀವಲ್ಲರಿ, ಹಂಗ ಇದು,” ಎನ್ನುತ್ತಾರೆ. “ರೊಟ್ಟಿ ತಿರಗತೈತಿ, ಹಿಡಿ ತಿರಗಂಗಿಲ್ಲ. ಕಾರು ಎಲ್ಲಿಗೆ ಬೇಕಾದ್ರೂ ಓಡಲಿ, ಇದು ಕುಂತಲ್ಲೆ ಕುಂತಿರ್ತೈತಿ. ಅದಕ್ಕ ಬಣ್ಣ ಇದಕ್ಕ ಹಚ್ಚಬೇಕು. ಗಾಲಿ ಎಷ್ಟ ಜೋರು ತಿರಗಿದ್ರೂ ಒಳಗಿನ ಕೆಂಪು ಕಾಣತೈತಿ.”

ಐವತ್ತರ ಆಸುಪಾಸಿನ ಈ ಹೆಣ್ಣುಮಗಳ ಅಂಗಳಕ್ಕೆ ಹಾನಗಲ್ಲಿನ ಟ್ಯಾಕ್ಸಿಯವರು ಬರುತ್ತಾರೆ. ಶಿಗ್ಗಾಂವಿಯ ಮೇಷ್ಟ್ರುಗಳು, ಮಾಸೂರು ಹಿರೇಕೆರೂರು ಕಡೆಯ ರೈತರ ಮಕ್ಕಳೂ ಬರುತ್ತಾರೆ. ಎಲ್ಲರದೂ ಎರಡನೇ ಕೈಯೋ ಮೂರನೇ ಕೈಯೋ ದಾಟಿ ಬಂದ ಕಾರು. ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಈ ಕೆಲಸಕ್ಕೆ ಹೇಳುವ ದರ ಕೇಳಿ ಹಿಂದಿರುಗಿದವರೇ ಹೆಚ್ಚು. ಇಲ್ಲಿ ಬೇಕಾಗುವುದು ಶಾಖ ತಡೆಯುವ ಬಣ್ಣದ ಸಣ್ಣ ಡಬ್ಬಿ, ತಂತಿಯ ಬ್ರಷ್ಷು, ಉಜ್ಜುಕಾಗದ, ಟೇಪು. ಇಂಥ ಕಾರುಗಳಲ್ಲಿ ಹಿಡಿ ಇರುವುದು ಮುಂದಿನ ಎರಡು ಗಾಲಿಗಳಿಗಷ್ಟೇ, ಹಾಗಾಗಿ ಒಂದು ಡಬ್ಬಿ ನಾಲ್ಕೈದು ಕಾರುಗಳಿಗೆ ಸಾಲುತ್ತದೆ.

ಉಕ್ಕಿನ ತಟ್ಟೆಗೆ ಬಣ್ಣ ತಾಗಿದರೆ ಬ್ರೇಕ್ ಜಾರುತ್ತದೆ. ಅದಕ್ಕೆ ತಟ್ಟೆಯನ್ನು ಮರೆಮಾಡಲು ಶೇಖವ್ವ ಬಳಸುವುದು ಹಳೆಯ ಲಗ್ನಪತ್ರಿಕೆ. ದಪ್ಪ ಕಾಗದ, ಒಂದು ಮಗ್ಗುಲು ನುಣುಪು; ಸಂದಿಯಲ್ಲಿ ಸಲೀಸಾಗಿ ತೂರುತ್ತದೆ. ಈ ಓಣಿಯಲ್ಲಿ ಯಾರ ಮನೆಯ ಮದುವೆಯೇ ಆಗಲಿ, ಅಕ್ಷತೆ ಬಿದ್ದ ಮಾರನೆಯ ವಾರ ಆ ಪತ್ರಿಕೆಗಳು ಇಲ್ಲಿಗೇ ಬಂದು ಸೇರುತ್ತವೆ. ಮೊದಮೊದಲು ಓಣಿಯವರು ಇವರನ್ನು ‘ಗಾಲಿಗೆ ತುಟಿಬಣ್ಣ ಹಚ್ಚಾಕಿ’ ಎಂದು ಆಡಿಕೊಂಡದ್ದುಂಟು. ಈಗ ಅವರೇ ಪತ್ರಿಕೆ ತಂದುಕೊಡುತ್ತಾರೆ.

ಟೇಪಿನ ಸುರುಳಿ ಒಂದೇ. ಬಲಗಡೆಯ ರಬ್ಬರ್ ಕೊಳವೆಗೆ ಒಂದು ತುಂಡು ಸುತ್ತಿ ಮುಗಿಸಿದ ಶೇಖವ್ವ, ಮಾತಿನ ನಡುವೆಯೇ ಸುರುಳಿಯನ್ನು ಕಾರಿನ ಕೆಳಗೆ ಆಚೆ ಬದಿಗೆ ಉರುಳಿಸುತ್ತಾರೆ. ಅದು ತೂರಾಡುತ್ತ ಹೋಗಿ, ಎಡಗಡೆಯಲ್ಲಿಟ್ಟ ಒಂದು ಗಿಡ್ಡ ಮಣೆಗೆ ಬಡಿದು ಬೀಳುತ್ತದೆ. ಮಣೆಯ ಮೇಲೆ ಯಾರೂ ಇಲ್ಲ. ಚನ್ನೇಶ ಬಾಯಿ ತೊಳೆದುಕೊಂಡು ಬಂದು ಸುರುಳಿಯನ್ನು ಎತ್ತಿ, ಬಾನೆಟ್ಟಿನ ಮೇಲಿಂದ ಕೊಡಲು ಕೈ ಚಾಚುತ್ತಾರೆ.

“ಬಿಡ್ರಿ, ಅಲ್ಲೇ ಇಡ್ರಿ,” ಎಂದು ಶೇಖವ್ವ ತಾವೇ ಎದ್ದು ಸುತ್ತುಹಾಕಿ ಹೋಗುತ್ತಾರೆ. “ರೂಢಿ. ಕೈಗೆ ಇನ್ನೂ ತಿಳಿದಿಲ್ಲ, ಆಕಿ ಇಲ್ಲಂತ.”

ಆ ಮಣೆ ಗುಲ್ನಾರ ಅವರದು.

ಈ ಕಸುಬು ಹುಟ್ಟಿದ್ದು ಹೊಗೆಯಲ್ಲಿ. ಶೇಖವ್ವನ ಗಂಡ ಮಂಜಪ್ಪ ಈಗ ಗಿರಣಿಯೊಂದರ ಲಾರಿ ಓಡಿಸುತ್ತಾರೆ. ಹಿಂದೆ ಒಮ್ಮೆ ಮದುವೆ ಬಾಡಿಗೆಗೆಂದು ಹಳೆ ಕಾರು ಕೊಂಡಿದ್ದರು. ಯಾರದೋ ಕಾರಿನಿಂದ ಬಿಚ್ಚಿದ ಥಳಥಳಿಸುವ ಗಾಲಿಗಳನ್ನು ಹುಡುಕಿ ತಂದು ಹಾಕಿಸಿದರು. ಗಾಲಿಯ ಕಡ್ಡಿಗಳ ಸಂದಿಯಲ್ಲಿ ತುಕ್ಕು ಹಿಡಿದ ಹಿಡಿಗಳು ಇಣುಕುತ್ತಿದ್ದವು. “ಹೊಸಾ ಸೀರಿ ಉಟ್ಟು ಕೆಸರುಗಾಲಿಲೆ ಬಂದಂಗ ಕಾಣತಿತ್ತು,” ಎನ್ನುತ್ತಾರೆ ಶೇಖವ್ವ. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದವರು ಗುಲ್ನಾರ. ಗಂಡ ತೀರಿಕೊಂಡ ಮೇಲೆ ಒಂಟಿ. ಅವರ ತಂದೆ ಸವಣೂರಿನಲ್ಲಿ ಮದುಮಕ್ಕಳ ತಗಡಿನ ಟ್ರಂಕುಗಳಿಗೆ ಹೂಬಳ್ಳಿ ಬರೆಯುತ್ತಿದ್ದವರು. ಟ್ರಂಕಿನ ಕಾಲ ಮುಗಿದರೂ ಕುಂಚಗಳು ಮಗಳ ಹತ್ತಿರ ಉಳಿದಿದ್ದವು.

ಬಾಗಿಲಿಗೆ ಬಳಿದು ಮಿಕ್ಕಿದ್ದ ಎಣ್ಣೆಬಣ್ಣವನ್ನು ಇಬ್ಬರೂ ಸೇರಿ ಹಿಡಿಗಳಿಗೆ ಬಳಿದರು. ಕಾರು ದಿಬ್ಬಣ ಹೊತ್ತು ತಿಳವಳ್ಳಿಯ ದಾರಿ ಹಿಡಿಯಿತು. ಅರ್ಧ ದಾರಿಗೆ ಬ್ರೇಕ್ ಕಾದು, ಬಣ್ಣ ಬೊಬ್ಬೆ ಎದ್ದು, ಎರಡೂ ಗಾಲಿಗಳಿಂದ ಹೊಗೆ ಬರತೊಡಗಿತು. ಮುಂದಿನದನ್ನು ಮಂಜಪ್ಪನೇ ಹೇಳಬೇಕು. “ಬೀಗರ ಕಡೆಯವರು ಮಜ್ಜಿಗಿ ಕೊಡಪಾನ ತಂದು ಗಾಲಿ ಮ್ಯಾಲೆ ಸುರವಿದ್ರು. ಮದುಮಗ ಬಾಗಲಾ ತಗದು ಓಡಿದ. ಮದಿವಿ ಆದಮ್ಯಾಲೆ ಓಡೋರ್ನ ನೋಡೇನಿ, ಇವ ಮೊದಲ ಓಡಿದ.”

ಆ ಕಾರು ಮಾರಾಟವಾಯಿತು. ಆದರೆ ಇಬ್ಬರು ಹೆಂಗಸರಿಗೂ ಛಲ ಬಂದಿತ್ತು. ಮೊಬೈಲಿನಲ್ಲಿ ಅರ್ಥವಾಗದ ಯಾವುದೋ ಭಾಷೆಯವನು ಈ ಕೆಲಸ ಮಾಡುವುದನ್ನು ಮಾತು ಬಿಟ್ಟು ಬರೀ ಕೈ ನೋಡಿ ಕಲಿತರು. ತುಕ್ಕನ್ನು ಬೇರುಸಹಿತ ಉಜ್ಜಬೇಕು, ಜಿಡ್ಡು ತೊಳೆಯಬೇಕು, ತೆಳ್ಳಗೆ ಬಳಿದು ಒಣಗಲು ಬಿಟ್ಟು ಮತ್ತೆ ತೆಳ್ಳಗೆ ಬಳಿಯಬೇಕು. ಹಿಡಿಯನ್ನು ಬಿಚ್ಚುವ ಗೋಜಿಗೆ ಹೋಗಬಾರದು, ಅದು ಮೇಸ್ತ್ರಿಯ ಕೆಲಸ. ನೆರೆಯ ಟ್ಯಾಕ್ಸಿಯವರೊಬ್ಬರು ನಂಬಿ ಕಾರು ಕೊಟ್ಟರು. ಹೊಗೆ ಬರಲಿಲ್ಲ.

ಗುಲ್ನಾರ ಎಡಚಿ. ಶೇಖವ್ವನದು ಬಲಗೈ. ಒಬ್ಬರು ಕಾರಿನ ಆ ಬದಿ, ಒಬ್ಬರು ಈ ಬದಿ ಕೂತರೆ ಕುಂಚಗಳು ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಎದುರಾಗಿ ಓಡುತ್ತಿದ್ದವು. ಯಾರೂ ಹೇಳಿ ಮಾಡಿದ್ದಲ್ಲ. ಎಡಗಾಲಿ ಗುಲ್ನಾರದು, ಬಲಗಾಲಿ ಶೇಖವ್ವನದು ಎಂದಾಯಿತು. ಕೂತಲ್ಲಿಂದ ಒಬ್ಬರಿಗೊಬ್ಬರ ಮುಖ ಕಾಣುತ್ತಿರಲಿಲ್ಲ. ಕಾರಿನ ಹೊಟ್ಟೆಯ ಕೆಳಗಿನಿಂದ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಮಾತೆಲ್ಲ ಆ ಸಂದಿಯಲ್ಲೇ. ನಡುವೆ ಟೇಪಿನ ಸುರುಳಿ ಉರುಳಿ ಹೋಗಿ ಉರುಳಿ ಬರುತ್ತಿತ್ತು.

“ಆಕಿ ಕಾಲ ನೋಡೇ ಹೇಳತಿದ್ದೆ, ಇವತ್ತ ಸಿಟ್ಟನ್ಯಾಗ ಅದಾಳಂತ,” ಎನ್ನುತ್ತಾರೆ ಶೇಖವ್ವ. “ಸಿಟ್ಟ ಬಂದ್ರ ಹೆಬ್ಬಟ್ಟು ಮ್ಯಾಲಕ್ಕೆತ್ತಿ ಕುಂದರತಾಳ. ನಕ್ಕರ ಹತ್ತೂ ಬಟ್ಟು ಮಡಚತಾಳ.”

ಹೋದ ವರ್ಷದ ಹಿಂದಿನ ವರ್ಷ, ಸವಣೂರಿನಲ್ಲಿ ಗುಲ್ನಾರರ ತಾಯಿ ರಹಿಮಾಬಿ ನಲ್ಲಿಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ರಹಿಮಾಬಿಗೆ ಗುಲ್ನಾರ ಒಬ್ಬಳೇ ಮಗಳು. “ಎಂಟ ದಿನದಾಗ ಬರ್ತೇನಿ, ಮಣಿ ಯಾರಿಗೂ ಕೊಡಬ್ಯಾಡ,” ಎಂದು ಹೇಳಿ ಕೈಚೀಲ ಹಿಡಿದು ಬಸ್ಸು ಹತ್ತಿದರು. ತಾಯಿ ಮತ್ತೆ ಎದ್ದು ನಡೆಯಲಿಲ್ಲ. ಕೆಲವು ತಿಂಗಳ ಮೇಲೆ ಪಕ್ಕದ ಕೋಣೆಯನ್ನು ಬೇರೆಯವರು ಹಿಡಿದರು. ಮಣೆ ಮಾತ್ರ ಕಾರುಗಳ ಎಡಬದಿಯಲ್ಲೇ ಉಳಿದಿದೆ.

ಫೋನು ಇಲ್ಲವೆಂದಲ್ಲ. ಇಬ್ಬರ ಹತ್ತಿರವೂ ಇದೆ. ಆದರೆ ಫೋನಿನಲ್ಲಿ ಉಂಡ್ಯಾ, ಅಮ್ಮ ಹೆಂಗದಾಳ, ಮಳಿ ಬಂತೇನ ಎಂದು ಕೇಳುವಷ್ಟರಲ್ಲಿ ಮಾತು ತೀರುತ್ತದೆ. “ಸುಮ್ನ ಕುಂತು ಆಡೋ ಮಾತು ನಮಗ ಬರಂಗಿಲ್ಲರಿ,” ಎನ್ನುತ್ತಾರೆ ಶೇಖವ್ವ. “ಕೈಯಾಗ ಕೆಲಸ ಇದ್ರ ಬಾಯಿ ತಾನ ತೆರಕೋತೈತಿ.”

ಅಕ್ಕಿಆಲೂರಿಂದ ಸವಣೂರು ಎಷ್ಟು ದೂರ? ಹಾನಗಲ್ಲಿನಲ್ಲಿ ಒಂದು ಬಸ್ಸು ಬದಲಿಸಬೇಕು, ಬಂಕಾಪುರದಲ್ಲಿ ಇನ್ನೊಂದು. ಬೆಳಗ್ಗೆ ಹೊರಟರೆ ಸಂಜೆಗೆ ತಿರುಗಿ ಬರಬಹುದು. ಆದರೂ ಶೇಖವ್ವ ಈವರೆಗೆ ಹೋಗಿಲ್ಲ. ಯಾಕೆ ಎಂದು ಕೇಳಿದರೆ ಕುಂಚದ ಕೂದಲು ಬಿಡಿಸುತ್ತ ಹೇಳುತ್ತಾರೆ.

“ಹೋದ್ರ ನನ್ನ ಬಾಯಿ ಸುಮ್ನಿರಂಗಿಲ್ಲ. ಬಾರ ಅಂತ ಕರಿತೇನಿ. ಕರದ್ರ ಆಕಿ ಒಲ್ಲೆ ಅನಬೇಕಾಗ್ತೈತಿ. ತಾಯಿನ್ನ ಬಿಟ್ಟು ಹೆಂಗ ಬಂದಾಳು? ಅಕಸ್ಮಾತ ಹೂಂ ಅಂದ್ರ ಅದು ಇನ್ನೂ ಕೆಟ್ಟ. ಆ ಮುದುಕಿಗೆ ಯಾರು ಗಂಜಿ ಕುಡಿಸೋರು? ಆಕಿ ಬಾಯಿಲೆ ಒಲ್ಲೆ ಅನಸೋದು ಬ್ಯಾಡ, ನಾ ಕೇಳೋದು ಬ್ಯಾಡ. ಹೋಗದಿದ್ರ ಎಲ್ಲಾ ಸುಮ್ನ ಇರ್ತೈತಲ್ಲ.”

ಅವರ ಬದಲು ಕಾರುಗಳು ಹೋಗುತ್ತವೆ. ಗುಲ್ನಾರ ಹೋದ ಮೇಲೆ ಸವಣೂರು ಕಡೆಯ ಮೊದಲ ಕಾರು ಬಂದ ದಿನ ಶೇಖವ್ವ ಎಡಗಾಲಿಯ ಮುಂದೆ ಕೂತರು. ಬಲಗೈ ಆ ಬದಿಗೆ ಒಗ್ಗಲಿಲ್ಲ. ಬೂದು ಅಡಿಬಣ್ಣವೊಂದನ್ನೇ ಬಳಿದು, “ನೀವು ಹೆಂಗೂ ಸವಣೂರ ದಾಟೇ ಹೋಗೋರು, ಅಲ್ಲಿ ನಮ್ಮಾಕಿ ಅದಾಳ, ಎಡಗಾಲಿ ಆಕಿ ಕಡಿಂದ ಮುಗಿಸ್ಕೋರಿ,” ಎಂದು ಹೇಳಿ ಕಳಿಸಿದರು. ಅಂದಿನಿಂದ ಇದೇ ಪದ್ಧತಿ. ಆ ಕಡೆಯ ಕಾರುಗಳು ಬಲಕ್ಕೆ ಕೆಂಪು, ಎಡಕ್ಕೆ ಬೂದುಬಣ್ಣ ಹೊತ್ತು ಬಂಕಾಪುರ ದಾಟುತ್ತವೆ. ಮಾಸೂರು ಕಡೆಯವರಿಗೆ ಈ ಭಾಗ್ಯವಿಲ್ಲ. ಅವರ ಎಡಗಾಲಿಯನ್ನೂ ಶೇಖವ್ವನೇ ಬಳಿಯುತ್ತಾರೆ. ಅವು ಸೊಟ್ಟಗೆ ನಕ್ಕಂತೆ ಕಾಣುತ್ತವೆ ಎಂಬುದು ಅವರದೇ ತೀರ್ಪು.

ಸವಣೂರಿಗೆ ಹೋದ ಕಾರು ಎಂದಾದರೂ ಅಕ್ಕಿಆಲೂರು ಸಂತೆಗೋ ಗಿರಣಿಗೋ ಬಂದರೆ ಶೇಖವ್ವ ಮೊದಲು ನೋಡುವುದು ಎಡಗಾಲಿಯ ಸಂದಿಯನ್ನು. ಕುಂಚದ ಗೆರೆ ಒಂದೇ ಉಸಿರಿಗೆ ಕೆಳಗಿನಿಂದ ಮೇಲೆ ಹರಿದಿದ್ದರೆ ಅವತ್ತು ತಾಯಿ ಚೆನ್ನಾಗಿ ಮಲಗಿದ್ದಾರೆ ಎಂದು ಅರ್ಥ. ಈಚೆಗೆ ಬಂದ ಕಾರುಗಳಲ್ಲಿ ಗೆರೆ ಅಲ್ಲಲ್ಲಿ ನಿಂತಿದೆ. “ನಡಬರಕ ಎದ್ದು ಎದ್ದು ಒಳಗ ಹೋಗ್ಯಾಳ. ಮುದುಕಿ ಕರಿಯಾಕತ್ತಾಳ ಅಂತ ಆತು. ಫೋನಿನ್ಯಾಗ ಕೇಳಿದ್ರ ಎಲ್ಲಾ ಆರಾಮ ಅಂತಾಳ.”

ಚನ್ನೇಶರ ಕಾರು ಇಲ್ಲಿಗೆ ಬಂದಿರುವುದಕ್ಕೂ ಒಂದು ಕತೆಯಿದೆ. ಅವರ ಅಜ್ಜ ಬಸವಣ್ಣೆಪ್ಪ ಆಯುಷ್ಯವಿಡೀ ಚಕ್ಕಡಿ ಹೂಡಿದವರು. ದೀಪಾವಳಿ ಅಮಾವಾಸ್ಯೆಗೆ ಮೊಮ್ಮಗ ಕಾರಿಗೆ ವಿಭೂತಿ ಹಚ್ಚಿ ಕಾಯಿ ಒಡೆದರೆ, ಅಜ್ಜನಿಗೆ ಸಮಾಧಾನವಾಗಲಿಲ್ಲ. ಗಾಲಿ ಒಣಗಿದಂತೆ ಕಂಡಿತು. ಯಾರೂ ಇಲ್ಲದಾಗ ಬಂದು, ಚಕ್ಕಡಿಯ ಅಚ್ಚಿಗೆ ಹಾಕುವಂತೆ ಕಡ್ಡಿಗಳ ಸಂದಿಯಿಂದ ಹರಳೆಣ್ಣೆ ಹೊಯ್ದರು, ಧಾರಾಳವಾಗಿ. ಮರುದಿನ ಕಾರು ಮನೆಯ ಮುಂದೆ ನಿಲ್ಲದೆ ಹೋಗಿ ಎದುರುಮನೆಯ ಬಣವೆಯಲ್ಲಿ ನಿಂತಿತು.

“ಅಜ್ಜಗ ಬೈಯಾಕಾರ ಬರ್ತೈತೇನ್ರಿ?” ಎನ್ನುತ್ತಾರೆ ಚನ್ನೇಶ. “ಎತ್ತಿಗೆ ಮೇವು ಹಾಕಿದಷ್ಟ ಪ್ರೀತಿಲೆ ಹಾಕ್ಯಾನ. ಬಣವಿಗೆ ಹಾಯ್ದಿದ್ದಕ್ಕ ಏನಂದ ಗೊತ್ತೇನ? ‘ನೋಡಲೇ, ಎಷ್ಟ ಹಗೂರ ಓಡತು’ ಅಂದ.”

ಮೇಸ್ತ್ರಿ ತಟ್ಟೆ ಉಜ್ಜಿ, ಒಳಗಿನ ಪ್ಯಾಡು ಬದಲಿಸಿ ಬ್ರೇಕ್ ಸರಿಮಾಡಿದ್ದಾರೆ. ಹಿಡಿಗಳ ಮೇಲೆ ಎಣ್ಣೆ ಧೂಳು ಸೇರಿ ಅಂಟಾಗಿದ್ದ ಪದರನ್ನು ಶೇಖವ್ವ ನಿನ್ನೆ ಇಳಿಹೊತ್ತಿಗೆ ಕೂತು ತೊಳೆದು, ಎರಡಕ್ಕೂ ಅಡಿಬಣ್ಣ ಬಳಿದಿದ್ದಾರೆ. ಇವತ್ತು ಬಲಗಾಲಿಗೆ ಕೆಂಪು.

ಕೆಂಪು ಬಳಿಯುವ ಕೆಲಸವೇನಿದ್ದರೂ ಬೆಳಗಿನ ಜಾವದಲ್ಲೇ ಆಗಬೇಕು. ಗಿರಣಿ ಶುರುವಾದರೆ ಭತ್ತದ ಹೊಟ್ಟು ಓಣಿಯ ತುಂಬ ಹಾರುತ್ತದೆ, ಹಸಿ ಬಣ್ಣ ಕಂಡರೆ ಬಂದು ಕೂರುತ್ತದೆ. ಬಟ್ಟೆ ಒಣಹಾಕುವವರು, ಹಪ್ಪಳ ಹರವುವವರು ಎಲ್ಲರೂ ಇಲ್ಲಿ ಗಿರಣಿಯ ಗಡಿಯಾರಕ್ಕೇ ಬದುಕುವುದು. ಶೇಖವ್ವ ಡಬ್ಬಿಯ ಮುಚ್ಚಳಕ್ಕೆ ಚಮಚದ ಹಿಡಿಕೆ ಹಾಕಿ ಎತ್ತುತ್ತಾರೆ. ಕುಂಚ ಅದ್ದಬೇಕು ಎನ್ನುವಾಗ ಗೋಡೆಯಾಚೆ ಗಿರಣಿಯ ಪಟ್ಟಿ ಕಿರುಗುಟ್ಟುತ್ತ ತಿರುಗತೊಡಗುತ್ತದೆ. ಹೊಸ ಭತ್ತದ ಸುಗ್ಗಿ. ರಾತ್ರಿ ಲೋಡು ಬಂದಿದೆ, ಇವತ್ತು ಬೇಗ ಶುರುಮಾಡಿದ್ದಾರೆ.

ನೋಡುತ್ತಿರುವಂತೆಯೇ ಮೊದಲ ಹೊಟ್ಟು ತೇಲಿ ಬಂದು ತುಳಸಿಯ ಮೇಲೆ ಇಳಿಯುತ್ತದೆ. ಶೇಖವ್ವ ಮುಚ್ಚಳವನ್ನು ಮತ್ತೆ ಒತ್ತಿ ಕೂರಿಸುತ್ತಾರೆ.

“ಇವತ್ತ ಇಲ್ಲೆ ಆಗಂಗಿಲ್ಲ,” ಎನ್ನುತ್ತಾರೆ.

ಲಾರಿಗೆ ಹೊರಟಿದ್ದ ಮಂಜಪ್ಪ ಚಹಾ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. “ತಾಡಪತ್ರಿ ಐತಲ್ಲ. ಕಟ್ಟಿ ಮಾಡು, ತಡಾ ಆದಾಗ ಮಾಡ್ತಿಯಲ್ಲ, ಹಂಗ.”

“ತಾಡಪತ್ರಿ ಹರದೈತಿ.”

ಗೋಡೆಯ ಮೇಲೆ ಮಡಚಿಟ್ಟ ನೀಲಿ ತಾಡಪತ್ರಿಯನ್ನು ಮಂಜಪ್ಪ ನೋಡುತ್ತಾರೆ. ಹೋದ ತಿಂಗಳು ಅವರೇ ಹೊಸದಾಗಿ ತಂದದ್ದು. ನೋಡಿ, ಹೆಂಡತಿಯ ಮುಖವನ್ನೂ ನೋಡುತ್ತಾರೆ. ಒಂದು ಗುಟುಕು ಚಹಾ ಕುಡಿಯುತ್ತಾರೆ.

“ಹೌದ ಬಿಡು, ಹರದೈತಿ,” ಎನ್ನುತ್ತಾರೆ ಕೊನೆಗೆ. “ಸವಣೂರಾಗ ಗಿರಣಿ ಕಾಟ ಇಲ್ಲ. ಅಲ್ಲೇ ಎರಡೂ ಮುಗಿಸಿಬಿಡ್ರಿ. ಬರೂ ಮುಂದ ಒಂದ ಪೊಟ್ಟಣ ಖಾರಾ ತಗೊಂಡ ಬಾ, ಚಹಾದ ಕೂಡ ತಿನ್ನಾಕ.”

ಶೇಖವ್ವ ಬಣ್ಣದ ಡಬ್ಬಿಯನ್ನು ಚೀಲಕ್ಕೆ ಇಳಿಸುತ್ತಾರೆ. ಒಳಗೆ ಹೋದವರು ಹೊರಗೆ ಬರುವಾಗ ಸೀರೆ ಬದಲಾಗಿದೆ. ಜ್ಯಾಕು, ಕೊರಡುಗಳು, ಲಗ್ನಪತ್ರಿಕೆಗಳ ಕಟ್ಟು ಡಿಕ್ಕಿ ಸೇರುತ್ತವೆ. ಗಾಲಿ ಕೂರಿಸಿ ನಟ್ಟುಗಳನ್ನು ಬಿಗಿದ ಮೇಲೆ ಚನ್ನೇಶ ಬ್ರೇಕನ್ನು ಒತ್ತಿ ಒತ್ತಿ ನೋಡುತ್ತಾರೆ. ಎಡಬದಿಯ ಗಿಡ್ಡ ಮಣೆಯನ್ನು ಶೇಖವ್ವ ಎತ್ತಿ, ಸೆರಗಿನಿಂದ ಒರೆಸಿ, ಡಿಕ್ಕಿಯಲ್ಲಿಡಲು ಹೋಗಿ ನಿಲ್ಲುತ್ತಾರೆ. ಮತ್ತೆ ತಂದು ಅದೇ ಜಾಗದಲ್ಲಿ ಇಡುತ್ತಾರೆ. ಕೊಟ್ಟುಬಿಟ್ಟರೆ ಇಲ್ಲಿ ಆಕೆಯದೆಂದು ಏನುಳಿಯುತ್ತದೆ?

ದಾರಿಯುದ್ದಕ್ಕೂ ಚನ್ನೇಶ ಮಾತಾಡುತ್ತಾರೆ. ಶೇಖವ್ವ ಮಡಿಲಲ್ಲಿ ಟೇಪಿನ ಸುರುಳಿ ಹಿಡಿದು ಹೂಂಗುಡುತ್ತಾರೆ. ಹಾನಗಲ್ಲು ಹಿಂದಾಗುತ್ತದೆ. ಬಂಕಾಪುರದಲ್ಲಿ ಯಾರೂ ನಗುವುದಿಲ್ಲ. ಎರಡೂ ಗಾಲಿ ಬೂದು, ನಗುವಂಥದ್ದೇನೂ ಇಲ್ಲ. ಮೆಕ್ಕೆಜೋಳದ ರಾಶಿಗಳನ್ನು ರಸ್ತೆಯ ಮೇಲೇ ಹರವಿದ್ದಾರೆ, ಕಾರು ಅವನ್ನು ಬಳಸಿ ಬಳಸಿ ಹೋಗುತ್ತದೆ.

“ಕರಿಯಂಗಿಲ್ಲ,” ಎನ್ನುತ್ತಾರೆ ಶೇಖವ್ವ ಒಮ್ಮೆಲೇ.

“ಏನಂದ್ರಿ?”

“ಏನಿಲ್ಲ. ನೀವು ಮುಂದ ನೋಡ್ಕೊಂಡ ಹೊಡೀರಿ.”

ಸವಣೂರಿನ ಒಳ ಓಣಿಯಲ್ಲಿ, ವೀಳ್ಯದೆಲೆ ಮಾರುವವರ ಸಾಲಿನ ಹಿಂದೆ ರಹಿಮಾಬಿಯ ಮನೆ. ಬಾಗಿಲು ತೆರೆದಿದೆ. ಒಳಗಿನಿಂದ ಚಮಚ ಬಟ್ಟಲಿಗೆ ತಾಗುವ ಸದ್ದು. ತಾಯಿಗೆ ಗಂಜಿ ಕುಡಿಸುತ್ತಿರಬೇಕು. ಚನ್ನೇಶ ಕೂಗಿ ಕರೆಯಲು ಬಾಯಿ ತೆರೆದರೆ ಶೇಖವ್ವ ಕೈ ಅಡ್ಡ ಹಿಡಿಯುತ್ತಾರೆ. ಸದ್ದಿಲ್ಲದೆ ಕಾರು ಎತ್ತಿಸಿ, ಕೊರಡು ಕೊಟ್ಟು, ಗಾಲಿ ಬಿಚ್ಚಿಸಿ, ತಟ್ಟೆಗಳ ಸಂದಿಗೆ ಲಗ್ನಪತ್ರಿಕೆ ತೂರಿಸಿ, ಬಲಗಡೆ ನೆಲದ ಮೇಲೆ ಕೂರುತ್ತಾರೆ. ಒಂದು ಡಬ್ಬಿಯ ಮುಚ್ಚಳದಲ್ಲಿ ಸ್ವಲ್ಪ ಕೆಂಪು ಹೊಯ್ದು ಎಡಬದಿಯಲ್ಲಿ ಇರಿಸಿ ಬಂದಿದ್ದಾರೆ.

ಗುಲ್ನಾರ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಾರೆ. “ಬಂದ್ರ್ಯಾ ಅಣ್ಣಾರ? ಇವತ್ತ ನೀವ ಗಾಲಿ ಬಿಚ್ಚಿಟ್ಟೀರಿ, ನನ್ನ ಕೆಲಸ ಹಗೂರ ಮಾಡಿದ್ರಿ,” ಎನ್ನುತ್ತಲೇ ಎಡಗಾಲಿಯ ಜಾಗದಲ್ಲಿ ಕೂರುತ್ತಾರೆ. ಕಾರಿನ ಕೆಳಗೆ ಎರಡು ಪಾದಗಳು ಬಂದು ನೆಲೆಗೊಳ್ಳುತ್ತವೆ. ಶೇಖವ್ವ ಬಗ್ಗಿ ನೋಡುತ್ತಾರೆ. ಮೊದಲಿಗಿಂತ ಬಡವಾಗಿವೆ. ಕಣಕಾಲಿನ ಮೂಳೆ ಎದ್ದು ಕಾಣುತ್ತಿದೆ.

ಆ ಬದಿಯಲ್ಲಿ ಬ್ರಷ್ಷು ಉಜ್ಜುವ ಸದ್ದು ಎರಡು ಸಲ ಬಂದು ನಿಲ್ಲುತ್ತದೆ. ಗುಲ್ನಾರ ಕಾರಿನ ಕೆಳಗೆ ಬಗ್ಗಿ ನೋಡಿರಬೇಕು.

“ಹಿಮ್ಮಡಕ್ಕ ಇನ್ನೂ ಎಣ್ಣಿ ಹಚ್ಚಂಗಿಲ್ಲೇನ ನೀ?” ಎಂದು ದನಿ ಬರುತ್ತದೆ. “ಬಿರುಕಿನ್ಯಾಗ ಹಲ್ಲಿ ಹೊಕ್ಕೀತು.”

“ಹಚ್ಚಿದ್ರ ಎಣ್ಣಿ ಬ್ರೇಕಿಗೆ ಬಿದ್ದೀತು,” ಎನ್ನುತ್ತಾರೆ ಶೇಖವ್ವ. “ಇವರ ಅಜ್ಜನ್ನ ಕೇಳು.”

ಆಚೆ ಬದಿಯಲ್ಲಿ ಹತ್ತೂ ಬೆರಳುಗಳು ಮಡಚಿಕೊಳ್ಳುತ್ತವೆ.

ಇಬ್ಬರೂ ಏಳುವುದಿಲ್ಲ. ಅಪ್ಪಿಕೊಳ್ಳುವುದೂ ಇಲ್ಲ. ಕುಂಚ ಅದ್ದಿ ಶುರು ಮಾಡುತ್ತಾರೆ. ಕೈ ಓಡಿದಂತೆ ಮಾತೂ ಓಡುತ್ತದೆ. ಚನ್ನೇಶರ ಅಜ್ಜನ ಹರಳೆಣ್ಣೆಯ ಕತೆ, ಅಕ್ಕಿಆಲೂರಿನಲ್ಲಿ ಯಾರ ಮಗಳು ಹಡೆದಳು, ಯಾರ ಎಮ್ಮೆ ಸತ್ತಿತು, ಪಕ್ಕದ ಕೋಣೆಗೆ ಬಂದವರು ನೀರಿಗೆ ಎಷ್ಟು ಜಗಳವಾಡುತ್ತಾರೆ, ಎಲ್ಲವೂ ಕಾರಿನ ಹೊಟ್ಟೆಯ ಕೆಳಗೆ ಹಾಯುತ್ತವೆ. ಚನ್ನೇಶ ಕಟ್ಟೆಯ ಮೇಲೆ ಕೂತು ಮೊಬೈಲು ನೋಡುವಂತೆ ನಟಿಸುತ್ತ ಕೇಳಿಸಿಕೊಳ್ಳುತ್ತಿದ್ದಾರೆ.

ಒಳಗಿನ ಮಂಚದಿಂದ ರಹಿಮಾಬಿಯ ದನಿ ಬರುತ್ತದೆ. ಸೊಂಟ ಮುರಿದರೂ ಕಿವಿ ಮುರಿದಿಲ್ಲ. “ಯಾರದು? ಶೇಖವ್ವನ?”

“ಹೌದ ಅಮ್ಮಾ, ನಾನ.”

“ಕರಕೊಂಡ ಹೋಗಾಕ ಬಂದಿಯೇನ?”

ಎರಡೂ ಬದಿಯ ಕುಂಚಗಳು ನಿಲ್ಲುತ್ತವೆ. ಎಡಬದಿಯ ಪಾದಗಳು ಅಲುಗುವುದಿಲ್ಲ. ಶೇಖವ್ವ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಾರೆ.

“ಇಲ್ಲಮ್ಮಾ. ಬಣ್ಣ ಹಚ್ಚಾಕ ಬಂದೇನಿ.”

“ಹಚ್ಚಿ ಹೋಗಬ್ಯಾಡ ಮತ್ತ,” ಎನ್ನುತ್ತಾರೆ ರಹಿಮಾಬಿ. “ಒಣಗೂತನಾ ಇರು.”

ಚನ್ನೇಶ ಕಟ್ಟೆಯಿಂದ ಇಳಿಯುತ್ತಾರೆ. “ಅಕ್ಕಾರ, ಒಣಗಾಕ ಎಷ್ಟೊತ್ತ ಆಗ್ತೈತ್ರಿ?”

“ನಾಳೆ ಮಧ್ಯಾಹ್ನತನಾ ಗಾಲಿ ಮುಟ್ಟೋ ಹಂಗಿಲ್ಲ,” ಎನ್ನುತ್ತಾರೆ ಶೇಖವ್ವ. ಬೇರೆಯವರಿಗೆಲ್ಲ ಮರುದಿನ ಬೆಳಗ್ಗೆ ಬಾ ಎನ್ನುವವರು.

“ಥಂಡಿ ದಿನಾ ಐತಿ,” ಎಂದು ಎಡಬದಿಯಿಂದ ದನಿ ಸೇರುತ್ತದೆ. “ನಾಳೆ ಸಂಜೀತನಾ ಬೇಕಾಗ್ತೈತಿ.”

ಚನ್ನೇಶ ಆ ಬದಿ ಒಮ್ಮೆ, ಈ ಬದಿ ಒಮ್ಮೆ ನೋಡುತ್ತಾರೆ. ಹತ್ತಿಮತ್ತೂರು ದೂರವೇನಲ್ಲ, ಬಸ್ಸಿದೆ. “ಆತು, ನಾಳೆ ಸಂಜೀಕ ಬರ್ತೇನಿ,” ಎಂದು ಕೀಲಿಯನ್ನು ಕಟ್ಟೆಯ ಮೇಲಿಟ್ಟು ಹೊರಡುತ್ತಾರೆ. “ಅಜ್ಜಗ ಏನ ಹೇಳಲಿ?”

“ಎಣ್ಣಿ ಹಣಿಗೆ ಹಚ್ಚಿಕೊಂಡ ಮಲಗು ಅಂತ ಹೇಳ್ರಿ,” ಎನ್ನುತ್ತಾರೆ ಗುಲ್ನಾರ.

ಓಣಿ ಸುಮ್ಮನಾಗುತ್ತದೆ. ಬಿಸಿಲು ಕಾರಿನ ಕೆಳಗೆ ಸ್ವಲ್ಪ ದೂರ ತೂರಿ ಬಂದಿದೆ. ಬಲಗಡೆಯ ಹಿಡಿ ಅರ್ಧ ಕೆಂಪಾಗಿದೆ. ಶೇಖವ್ವನಿಗೆ ಇನ್ನೇನು ಬೇಕು ಎಂದು ಕೇಳಿದರೆ, ಹೆಚ್ಚೇನಿಲ್ಲ. ಇನ್ನು ಮೇಲೆ ತಿಂಗಳಿಗೊಮ್ಮೆ ಸವಣೂರು ಕಡೆಯ ಒಂದು ಕಾರು ಬರಬೇಕು, ಗಿರಣಿ ಬೇಗ ಶುರುವಾಗಬೇಕು. “ತಾಡಪತ್ರಿ ಹೆಂಗೂ ಹರದೈತಿ,” ಎನ್ನುತ್ತಾರೆ. ಎಂಟು ದಿನವೆಂದು ಹೇಳಿ ಹೋದವಳ ಮಣೆ ಅಲ್ಲಿ ಕಾಯುತ್ತಿರುವ ಮಾತನ್ನು ಅವರು ತೆಗೆಯುವುದಿಲ್ಲ. ಗುಲ್ನಾರ ಕೂಡ ಮಣೆ ಎಲ್ಲಿ ಎಂದು ಕೇಳಿಲ್ಲ.

ಎಡಬದಿಯಲ್ಲಿ ಗುಲ್ನಾರ ಕೈ ತಡೆಯುತ್ತಾರೆ. ಉಗುರಿನಿಂದ ಏನನ್ನೋ ಮೆಲ್ಲಗೆ ಮುಟ್ಟಿ ನೋಡುತ್ತಾರೆ.

“ಶೇಖಿ, ಅಡಿಬಣ್ಣದಾಗ ಒಂದ ಹೊಟ್ಟು ಅಂಟೇತಿ.”

“ನಿನ್ನೆ ಸಂಜೀಕ ಬಿದ್ದಿರಬೇಕು. ಉಜ್ಜಿ ತಗದುಬಿಡು.”

“ನಮ್ಮ ಗಿರಣಿದಲ್ಲೇನ ಇದು?”

“ಮತ್ತ್ಯಾರದು? ತಗಿ, ಬಣ್ಣ ಉಬ್ಬತೈತಿ.”

ಆಚೆ ಬದಿಯಲ್ಲಿ ಕುಂಚ ಮತ್ತೆ ಹರಿಯುವ ಸದ್ದು, ಕೆಳಗಿನಿಂದ ಮೇಲೆ, ಒಂದೇ ಉಸಿರಿಗೆ.

“ಇರಲಿ ಬಿಡು,” ಎನ್ನುತ್ತಾರೆ ಗುಲ್ನಾರ. “ಮ್ಯಾಲೆ ಬಣ್ಣ ಹಚ್ಚೇನಿ. ಒಳಗ ಇರ್ತೈತಿ.”

ಶೇಖವ್ವ ತಮ್ಮ ಬದಿಯ ಹಿಡಿಗೆ ಬಗ್ಗುತ್ತಾರೆ. ಕೊಳವೆಯ ಟೇಪು ಒಂದು ಕಡೆ ಬಿಚ್ಚಿಕೊಂಡಿದೆ, ಸುತ್ತಬೇಕು. ಸುರುಳಿಗಾಗಿ ಪಕ್ಕದಲ್ಲಿ ತಡಕುತ್ತಾರೆ, ಸಿಗುವುದಿಲ್ಲ. ಆಗಲೇ, ಯಾವಾಗಲೋ, ಕೈ ಅದನ್ನು ಆಚೆಗೆ ಉರುಳಿಸಿಬಿಟ್ಟಿದೆ. ಎದ್ದು ಸುತ್ತು ಬರಲೆಂದು ಮೊಣಕಾಲಿಗೆ ಕೈ ಊರುತ್ತಾರೆ.

ಕಾರಿನ ಕೆಳಗಿನಿಂದ ಟೇಪಿನ ಸುರುಳಿ ತೂರಾಡುತ್ತ ಬಂದು ಅವರ ಹೆಬ್ಬೆರಳಿಗೆ ತಾಗಿ, ಮಗ್ಗುಲಾಗಿ ಬೀಳುತ್ತದೆ.